ಇಡಿಯಾಗಿ ಕೇಳುವ ಸುಖ

ಕನ್ನಡ ಮೇಷ್ಟರ ಅಭಿರುಚಿಯ ಬಗೆಗೆ ಲೋಕದಲ್ಲಿ ಒಂದು ಖಚಿತವಾದ ಕಲ್ಪನೆಯಿದೆ. ಅವರಿಗೆ ಪಂಪನೂ ಕುಮಾರವ್ಯಾಸನೂ ಪ್ರಿಯರಾಗಿರಬೇಕು. ಸಂಗೀತವೆಂದರೆ ಗಮಕವೋ ಭಾವಗೀತೆಯೋ ಆಗಿರಬೇಕು. ಹೆಚ್ಚೆಂದರೆ ರಾಮೋತ್ಸವದ ಕಚೇರಿಯಲ್ಲಿ ತೊಡೆಯ ಮೇಲೆ ತಾಳ ಹಾಕುತ್ತ ಕುಳಿತಿರಬೇಕು. ಇವೆಲ್ಲವೂ ನನಗೆ ಪ್ರಿಯವಾದವುಗಳೇ. ಆದರೆ ಇವುಗಳ ಪಕ್ಕದಲ್ಲಿಯೇ ರಾಕ್ ಸಂಗೀತದ ಹಾಗೂ ವಿದ್ಯುನ್ಮಾನ ಸಂಗೀತದ ಕೆಲವು ಆಲ್ಬಂಗಳೂ ಇಪ್ಪತ್ತೈದು ವರ್ಷಗಳಿಂದ ನನ್ನ ಸಂಗಡ ಬಾಳುವೆ ನಡೆಸಿವೆ. ಹೀಗೆಂದರೆ ಸಹೋದ್ಯೋಗಿಗಳು ನಗುತ್ತಾರೆ, ವಿದ್ಯಾರ್ಥಿಗಳು ನಂಬುವುದಿಲ್ಲ. ನಗುವವರ ಮಾತು ಹಾಗಿರಲಿ. ನಂಬದವರ ವಿಚಾರ ಮಾತ್ರ ನನ್ನನ್ನು ಬಾಧಿಸುತ್ತದೆ. ತಿರುಮಕೂಡಲು ನರಸೀಪುರದ ಸುತ್ತಣ ಹಳ್ಳಿಗಳಿಂದ ಬರುವ ಈ ಹುಡುಗರ ಎಣಿಕೆಯಲ್ಲಿ ಅಂಥ ಸಂಗೀತವನ್ನು ಕೇಳಬಹುದು, ಆದರೆ ಅದರ ಬಗೆಗೆ ಅಭಿಪ್ರಾಯ ಹೇಳುವ ಅಧಿಕಾರ ಇಂಗ್ಲಿಷ್ ಬಲ್ಲ ಬೆಂಗಳೂರಿನವರದು. ರಸಾನುಭವಕ್ಕೆ ಅಂಥ ಪರವಾನಗಿ ಬೇಕಿಲ್ಲವೆಂದು ತೋರಿಸುವುದಕ್ಕಾಗಿಯೇ ನನ್ನ ಮೆಚ್ಚಿನ ಕೆಲವು ಆಲ್ಬಂಗಳ ಬಗೆಗೆ ಕನ್ನಡದಲ್ಲಿ, ಕನ್ನಡದ ಅಳತೆಗೋಲುಗಳಿಂದ, ನಾಲ್ಕು ಮಾತು ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಪ್ರಶ್ನೆ. ಆಲ್ಬಂ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಯಂತ್ರಕ್ಕೆ ದೇಶೀಯ ನಾಮಕರಣ ಮಾಡಲು ನಮ್ಮ ಸೀಮೆ ಹಿಂಜರಿದದ್ದಿಲ್ಲ. ಮೈಸೂರಿನ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಆರಂಭಿಸಿದ ಬಾನುಲಿ ಕೇಂದ್ರಕ್ಕೆ ‘ಆಕಾಶವಾಣಿ’ ಎಂದು ಹೆಸರಾಯಿತು. ಮುಂದೆ ಅದೇ ಹೆಸರು ಇಡೀ ಭಾರತದ ಬಾನುಲಿಗೆ ಸಂದಿತು. ಆಲ್ಬಮ್ಮಿಗೆ ಮಾತ್ರ ಇನ್ನೂ ಅಂಥ ಯೋಗ ಕೂಡಿಬಂದಿಲ್ಲ. ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿನಲ್ಲಿ ಮೂರು ನಾಲ್ಕು ನಿಮಿಷಗಳ ಸಂಗೀತ ಮಾತ್ರ ಹಿಡಿಯುತ್ತಿತ್ತು. ದೊಡ್ಡ ಕೃತಿಯೊಂದನ್ನು ಮುದ್ರಿಸಬೇಕಾದರೆ ಅದನ್ನು ಹಲವು ತಟ್ಟೆಗಳಿಗೆ ಹಂಚಿ, ಆ ತಟ್ಟೆಗಳನ್ನು ಭಾವಚಿತ್ರಗಳ ಪುಸ್ತಕದಂಥ ರಟ್ಟಿನ ಹೊದಿಕೆಯಲ್ಲಿ ಕಟ್ಟಿ ಮಾರುತ್ತಿದ್ದರು. ಆಲ್ಬಂ ಎಂಬ ಹೆಸರು ಬಂದದ್ದು ಹಾಗೆ. ಮೈಸೂರಿನ ಜಯಚಾಮರಾಜ ಒಡೆಯರು 1940ರ ದಶಕದ ಕೊನೆಯಲ್ಲಿ ದ್ರವ್ಯಸಹಾಯ ಮಾಡಿ, ಲಂಡನ್ನಿನಲ್ಲಿ ನೆಲಸಿದ್ದ ರಷ್ಯದ ನಿಕೊಲಾಯ್ ಮೆಟ್ನರನ ಕೃತಿಗಳನ್ನು ಅವನ ಕೈಯಲ್ಲೇ ಪಿಯಾನೋ ನುಡಿಸಿ ಮುದ್ರಿಸುವಂತೆ ಮಾಡಿದಾಗ ಹೊರಬಂದದ್ದು ಇಂಥ ಆಲ್ಬಂಗಳೇ. ದೂರದ ಸಂಗೀತವೊಂದನ್ನು ತನ್ನ ಕಿವಿಯನ್ನೇ ನಂಬಿ ಮೆಚ್ಚುವುದು ಮೈಸೂರಿಗೆ ಹೊಸದಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ.

1948ರಲ್ಲಿ ನಿಮಿಷಕ್ಕೆ ಮೂವತ್ತಮೂರು ಸುತ್ತು ಸುತ್ತುವ ದೀರ್ಘವಾದನದ ತಟ್ಟೆ ಬಂದಿತು. ಒಂದೊಂದು ಮಗ್ಗುಲಿನಲ್ಲೂ ಇಪ್ಪತ್ತು ನಿಮಿಷಗಳಿಗೆ ಮೀರಿದ ಅವಕಾಶ ದೊರೆಯಿತು. ನಮ್ಮ ಅಲಂಕಾರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಅಲ್ಲಿಯವರೆಗೆ ಮುಕ್ತಕಗಳನ್ನಷ್ಟೇ ಬರೆಯಬಹುದಾಗಿದ್ದ ಸಂಗೀತಗಾರನಿಗೆ ಪ್ರಬಂಧಕಾವ್ಯದ ಅವಕಾಶ ಒದಗಿತು. ಬಿಡಿಪದ್ಯದ ಸೊಗಸು ಒಂದು. ಹಿಂದಿನ ಪದ್ಯದ ನೆನಪಿನಿಂದ ಮುಂದಿನ ಪದ್ಯ ಹೊಳೆಯುವ ಸೊಗಸು ಇನ್ನೊಂದು. ನಾನು ಆಲ್ಬಮ್ಮನ್ನು ಅಳೆಯುವುದು ಈ ಎರಡನೆಯ ಸೊಗಸಿನಿಂದ.

ಇನ್ನು ವಿದ್ಯುತ್ತಿನ ಮಾತು. ಗಿಟಾರಿಗೆ ತಂತಿ ಸಿಕ್ಕಿಸಿ ಗದ್ದಲವೆಬ್ಬಿಸುವುದೇ ರಾಕ್ ಸಂಗೀತವೆಂದು ಹಲವರ ಆಕ್ಷೇಪಣೆ. ಆಕ್ಷೇಪಿಸುವವರು ತಿರುಮಕೂಡಲಿನವರೇ ಆದ ಟಿ. ಚೌಡಯ್ಯನವರನ್ನು ನೆನೆಯಬೇಕು. ಧ್ವನಿವರ್ಧಕ ಇನ್ನೂ ಬಳಕೆಗೆ ಬಾರದ ಕಾಲದಲ್ಲಿ, ತಮ್ಮ ಪಿಟೀಲಿನ ನಾದ ಸಭೆಯ ಹಿಂದಿನ ಸಾಲುಗಳಿಗೆ ಮುಟ್ಟುವುದಿಲ್ಲವೆಂಬ ಕೊರಗಿನಿಂದ, ಮಾಮೂಲಿನ ನಾಲ್ಕು ತಂತಿಗಳಿಗೆ ಇನ್ನೂ ಮೂರನ್ನು ಸೇರಿಸಿ ಅವರು ಏಳು ತಂತಿಯ ಪಿಟೀಲನ್ನು ರೂಪಿಸಿಕೊಂಡರು. ಇದು 1920ರ ದಶಕದ ಕೊನೆಯ ಮಾತು. ಸಂಪ್ರದಾಯಸ್ಥರು ಆಗಲೂ ಹುಬ್ಬುಗಂಟಿಕ್ಕಿದರು. ಕೆಲವೇ ವರ್ಷಗಳ ಅನಂತರ, 1930ರ ದಶಕದ ಆದಿಯಲ್ಲಿ, ಅಮೆರಿಕೆಯಲ್ಲಿ ರಿಕನ್‌ಬ್ಯಾಕರ್ ಸಂಸ್ಥೆಯವರು ವಿದ್ಯುತ್ ಗಿಟಾರನ್ನು ಮಾರಾಟಕ್ಕೆ ತಂದರು. ಅದರ ಹಿಂದೆ ಇದ್ದದ್ದೂ ಇದೇ ಕೊರಗು: ವಾದ್ಯವೃಂದದ ನಡುವೆ ಗಿಟಾರಿನ ಮೆಲುದನಿ ಯಾರಿಗೂ ಕೇಳಿಸುತ್ತಿರಲಿಲ್ಲ. ಕಾವೇರಿಯ ದಡದಲ್ಲಿ ಹುಟ್ಟಿದವನಿಗೂ ಕ್ಯಾಲಿಫೋರ್ನಿಯದವನಿಗೂ ಕೊನೆಯ ಸಾಲಿನವನ ಕಿವಿಯ ಮೇಲೆ ಒಂದೇ ಬಗೆಯ ಕಾಳಜಿ. ವಿದ್ಯುತ್ ವಾದ್ಯದ ಧರ್ಮ ಅಬ್ಬರವಲ್ಲ, ಎಟುಕುವುದು. ಈ ವ್ಯತ್ಯಾಸವನ್ನರಿಯದೆ ಬರಿದೆ ಅಬ್ಬರಿಸುವವರೂ ಉಂಟು. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನು ವಾಸವಿರುವುದು ನಂಜನಗೂಡಿನಲ್ಲಿ, ಪಾಠ ಹೇಳುವುದು ನರಸೀಪುರದಲ್ಲಿ. ಕಪಿಲೆ ಹರಿಯುವ ದಿಕ್ಕಿನಲ್ಲಿಯೇ ನನ್ನ ಬಸ್ಸೂ ಹೋಗುತ್ತದೆ. ಅವಳು ಕಾವೇರಿಯನ್ನು ಕೂಡುವ ಊರಿನಲ್ಲಿ ನಾನು ಇಳಿಯುತ್ತೇನೆ. ನಾಲೆಯ ನೀರುಂಡ ಗದ್ದೆಗಳ ನಡುವಿನ ಈ ಪಯಣ ಒಂದು ಆಲ್ಬಂ ಕೇಳುವುದಕ್ಕೆ ಸರಿಯಾಗಿ ಸಾಲುತ್ತದೆ. ನನ್ನ ಸಂಗೀತಸಭೆ ಇದೇ. ಕಿವಿಯಲ್ಲಿ ಎರಡು ಗುಂಡಿ, ಮಡಿಲಲ್ಲಿ ಚೀಲ, ಪಕ್ಕದಲ್ಲಿ ಸಂತೆಗೆ ಹೋಗುವ ಯಾರಾದರೊಬ್ಬರು. ಒಳ್ಳೆಯ ಆಲ್ಬಂ ಯಾವುದೆಂಬ ಪರೀಕ್ಷೆಗೆ ಇದಕ್ಕಿಂತ ಕಠಿಣವಾದ ಕೊಠಡಿ ಇಲ್ಲ.

ಈ ಪರೀಕ್ಷೆಯಲ್ಲಿ ಮೊದಲ ಸ್ಥಾನವನ್ನು ನಾನು ಕೊಡುವುದು ಪಿಂಕ್ ಫ್ಲಾಯ್ಡ್ ತಂಡದ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಎಂಬ ಆಲ್ಬಮ್ಮಿಗೆ. ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ಮುದ್ರಣಗೊಂಡು 1973ರ ಮಾರ್ಚಿಯಲ್ಲಿ ಹೊರಬಂದ ಇದರ ಒಟ್ಟು ಅವಧಿ ಸುಮಾರು 43 ನಿಮಿಷ. ಎದೆಬಡಿತದಿಂದ ಆರಂಭವಾಗಿ ಎದೆಬಡಿತದಿಂದಲೇ ಮುಗಿಯುವ ಈ ಕೃತಿಯಲ್ಲಿ ಕಾಲ, ಹಣ, ಯುದ್ಧ, ಮರಣ, ಬುದ್ಧಿಭ್ರಮಣೆಗಳು ಒಂದೊಂದು ಆಶ್ವಾಸದಂತೆ ಬಂದು ಹೋಗುತ್ತವೆ. ಹಾಡುಗಳ ನಡುವೆ ಬಿಡುವು ಬಹುಮಟ್ಟಿಗೆ ಇಲ್ಲ. ಒಂದರ ಕೊನೆಯುಸಿರು ಇನ್ನೊಂದರ ಮೊದಲುಸಿರಾಗುತ್ತದೆ.

ಇದರ ‘ಮನಿ’ ಎಂಬ ಹಾಡನ್ನು ಛಂದಸ್ಸಿನ ತರಗತಿಯಲ್ಲಿ ಹೆಸರಿಸಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ. ನಾಣ್ಯಗಳ ಝಣತ್ಕಾರ, ಕಾಗದ ಹರಿಯುವ ಸದ್ದು, ಅಂಗಡಿಯ ಲೆಕ್ಕದ ಯಂತ್ರದ ಗಂಟೆ ಇವೆಲ್ಲವನ್ನೂ ಟೇಪಿನಲ್ಲಿ ಹಿಡಿದು, ಟೇಪನ್ನು ಅಳೆದು ಕತ್ತರಿಸಿ, ಬಳೆಯಂತೆ ಅಂಟಿಸಿ ಸುತ್ತಿಸಿದ ತಾಳ ಅದು. ಎಣಿಸಿ ನೋಡಿದರೆ ಏಳು ಪೆಟ್ಟು. ಪಾಶ್ಚಾತ್ಯರ ಜನಪ್ರಿಯ ಗೀತೆಗಳು ಹೆಚ್ಚಾಗಿ ನಾಲ್ಕರ ಎಣಿಕೆಯಲ್ಲಿ ನಡೆಯುವುದರಿಂದ ಅವರಿಗೆ ಈ ಏಳು ಕುಂಟುನಡೆಯೆನಿಸಿತು. ನಮಗೆ ಹಾಗಲ್ಲ. ಮಿಶ್ರಛಾಪು ತಾಳ ಏಳರದು. ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಜೋಡಿಯಾಗಿ ನಡೆಯುವ ಭಾಮಿನಿ ಷಟ್ಪದಿಯ ಹೆಜ್ಜೆಯೂ ಏಳರದೇ. ಗದುಗಿನ ಭಾರತದ ವಾಚನ ಕೇಳಿ ಬೆಳೆದ ಕಿವಿಗೆ ‘ಮನಿ’ ಹಾಡಿನ ನಡೆ ಎಲ್ಲೋ ಕೇಳಿದ ನಡೆ. ಗಿಟಾರಿನ ಬಿಡಿವಾದನ ಬಂದಾಗ ಹಾಡು ನಾಲ್ಕರ ಎಣಿಕೆಗೆ ಹೊರಳುತ್ತದೆ. ಆಮೇಲೆ ಏಳಕ್ಕೆ ಮರಳುತ್ತದೆ. ಆ ಮರಳುವಿಕೆಯಲ್ಲಿ ನನಗೆ ದೊರೆಯುವ ಆನಂದ, ಪರಿವರ್ಧಿನಿಯಲ್ಲಿ ಹೋಗಿ ಭಾಮಿನಿಗೆ ಬಂದಂಥ ಆನಂದ. ಇದನ್ನು ಹೇಳಲು ಇಂಗ್ಲಿಷ್ ಬರಬೇಕಾಗಿಲ್ಲ. ಬೆರಳು ಮಡಿಸಿ ಎಣಿಸಲು ಬಂದರೆ ಸಾಕು.

ಅದೇ ಆಲ್ಬಮ್ಮಿನಲ್ಲಿ ಮಾತಿಲ್ಲದ ಹಾಡೊಂದಿದೆ. ಕ್ಲೇರ್ ಟೋರಿ ಎಂಬ ಗಾಯಕಿ 1973ರ ಜನವರಿಯ ಒಂದು ಭಾನುವಾರ ಸ್ಟುಡಿಯೋಗೆ ಬಂದು, ಸಾಹಿತ್ಯದ ನೆರವಿಲ್ಲದೆ, ಮರಣಭಯವನ್ನೂ ಅದರಿಂದ ಬಿಡುಗಡೆಯನ್ನೂ ಬರಿಯ ಕಂಠದಿಂದ ಆಲಾಪಿಸಿದಳು. ಆಕೆಗೆ ದೊರೆತ ಸಂಭಾವನೆ ಮೂವತ್ತು ಪೌಂಡು. ಸ್ವರಸಂಯೋಜನೆಯಲ್ಲಿ ತನಗೂ ಪಾಲಿದೆಯೆಂದು ಆಕೆ ಮುಂದೆ ನ್ಯಾಯಾಲಯದ ಮೆಟ್ಟಿಲು ಹತ್ತಿ, 2005ರಲ್ಲಿ ಒಪ್ಪಂದವಾಗಿ, ಆ ಹಾಡಿನ ಕರ್ತೃತ್ವದಲ್ಲಿ ಆಕೆಯ ಹೆಸರು ಸೇರಿತು. ನ್ಯಾಯಾಲಯಕ್ಕೆ ಕಾನೂನು ಏನೇ ಹೇಳಲಿ, ನಮ್ಮ ಸಂಗೀತದ ಪದ್ಧತಿ ಬಲ್ಲವನಿಗೆ ಆಕೆಯ ಪಕ್ಷ ಸ್ವಯಂಸಿದ್ಧವಾದದ್ದು. ಆಲಾಪನೆಯ ಕರ್ತೃ ಹಾಡಿದವನಲ್ಲದೆ ಮತ್ತಾರು?

ಎರಡನೆಯದು ಜರ್ಮನಿಯ ಡ್ಯೂಸೆಲ್‌ಡಾರ್ಫ್ ನಗರದ ಕ್ರಾಫ್ಟ್‌ವೆರ್ಕ್ ತಂಡದ ‘ಔಟೊಬಾನ್’, 1974ರದು. ವಿದ್ಯುನ್ಮಾನ ಸಂಗೀತದ ಅಭಿಮಾನಿಗಳು ಅದೇ ತಂಡದ ಮುಂದಿನ ಆಲ್ಬಂಗಳನ್ನು ಹೆಚ್ಚಾಗಿ ಹೊಗಳುತ್ತಾರೆ. ನನ್ನ ಮತ ‘ಔಟೊಬಾನ್’ಗೇ. ಅದರ ಮೊದಲ ಮಗ್ಗುಲನ್ನು ಪೂರ್ತಿಯಾಗಿ ತುಂಬಿರುವ ಒಂದೇ ಹಾಡಿನ ಅವಧಿ ಇಪ್ಪತ್ತೆರಡು ನಿಮಿಷಕ್ಕೂ ಮಿಗಿಲು. ಮೋಟಾರಿನ ಬಾಗಿಲು ಮುಚ್ಚಿಕೊಳ್ಳುತ್ತದೆ, ಯಂತ್ರ ಚಾಲೂ ಆಗುತ್ತದೆ, ಹಾರನ್ ಕೇಳಿಸುತ್ತದೆ. ಅನಂತರ ಹೆದ್ದಾರಿಯಲ್ಲಿ ಒಂದು ನಿಡಿದಾದ ಪಯಣ. ಮಾತು ಬಹಳ ಕಡಮೆ, ಇರುವಷ್ಟೂ ಜರ್ಮನಿನಲ್ಲಿ. ಜಗತ್ತಿನ ರಾಕ್ ಸಂಗೀತವೆಲ್ಲ ಇಂಗ್ಲಿಷಿನಲ್ಲಿ ಹಾಡುತ್ತಿದ್ದ ಕಾಲದಲ್ಲಿ ಆ ತರುಣರು ತಮ್ಮ ನುಡಿಯಲ್ಲಿ, ತಮ್ಮ ಊರಿನ ರಸ್ತೆಯನ್ನು ಕುರಿತು ಹಾಡಿದರು. ಅಮೆರಿಕೆಯ ಬಾನುಲಿಗಾಗಿ ಈ ಹಾಡನ್ನು ಮೂರೂವರೆ ನಿಮಿಷಕ್ಕೆ ಕತ್ತರಿಸಿದರು. ಅದು 1975ರಲ್ಲಿ ಅಲ್ಲಿ ಬಹು ಜನಪ್ರಿಯವಾಯಿತು. ಕತ್ತರಿಸಿದ್ದನ್ನೂ ನಾನು ಕೇಳಿದ್ದೇನೆ. ಅದರಲ್ಲಿ ರಾಗವಿದೆ, ಚಮತ್ಕಾರವಿದೆ, ಪಯಣವಿಲ್ಲ. ನಂಜನಗೂಡಿನ ನಿಲ್ದಾಣದಲ್ಲಿ ಹತ್ತಿಸಿ ಅಲ್ಲಿಯೇ ಇಳಿಸಿಬಿಟ್ಟಂತೆ.

ಈ ಹಾಡನ್ನು ಒಮ್ಮೆ ಬಿಡುವಿನ ವೇಳೆಯಲ್ಲಿ ನನ್ನ ಒಬ್ಬ ವಿದ್ಯಾರ್ಥಿಗೆ ಕೇಳಿಸಿದೆ. ನರಸೀಪುರದ ಬದಿಯ ಒಂದು ಹಳ್ಳಿಯ ಹುಡುಗ, ನೀಲಗಾರರ ಮನೆತನದವನು. ತಂಬೂರಿ ಮೀಟುತ್ತ ಗಗ್ಗರ ಆಡಿಸುತ್ತ ಮಂಟೇಸ್ವಾಮಿಯ ಕಥೆಯನ್ನು ರಾತ್ರಿಯೆಲ್ಲ ಹಾಡುವ, ಚಿಕ್ಕಲ್ಲೂರ ಜಾತ್ರೆಯಲ್ಲಿ ನೆರೆಯುವ ಗಾಯಕರ ಪರಂಪರೆ ಅದು. ಹುಡುಗ ಕಣ್ಣು ಮುಚ್ಚಿ ಹಾಡನ್ನು ಕೊನೆಯವರೆಗೂ ಕೇಳಿದ. ಮುಗಿದ ಮೇಲೆ, “ಈ ಜನಕ್ಕೆ ಹಾಡ ಮುಗಿಸ್ಬೇಕು ಅನ್ನೋ ಆತುರಾನೇ ಇಲ್ಲ ಕನ ಸಾರ್. ನಮ್ ತಾತನೂ ಹಿಂಗೇಯ” ಎಂದ. ಇಷ್ಟು ನಿಖರವಾದ ವಿಮರ್ಶೆಯನ್ನು ಈ ಆಲ್ಬಮ್ಮಿನ ಬಗೆಗೆ ನಾನು ಬೇರೆಲ್ಲಿಯೂ ಕಂಡಿರಲಿಲ್ಲ. ನನಗೆ ಹಿಗ್ಗಾಯಿತು. ತಾತ ಹಾಡಿದ ಕಥೆಯಲ್ಲಿ ನಿನಗೆ ಯಾವ ಸಾಲು ಇಷ್ಟ ಎಂದು ಕೇಳಿದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ತಾತ ತೀರಿಕೊಂಡು ಎರಡು ವರ್ಷವಾಗಿತ್ತಂತೆ. “ಒಂದಿನಾನೂ ಪೂರ್ತಿ ಕೂತು ಕೇಳ್ನಿಲ್ಲ ಸಾರ್. ಅಲ್ಲೊಂದು ಇಲ್ಲೊಂದು ತುಂಡು ಗೊತ್ತು ಅಷ್ಟೇಯ” ಎಂದ. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಇಡಿಯಾಗಿ ಕೇಳುವವರಿಲ್ಲದೆ ಹೋದಾಗ ಕಳೆದುಹೋಗುವುದು ಕೇವಲ ಅಭಿರುಚಿಯಲ್ಲ, ಕೃತಿಯೇ ಕಳೆದುಹೋಗುತ್ತದೆ ಎಂಬುದು ಅಂದು ನನಗೆ ಮನವರಿಕೆಯಾಯಿತು.

ಮೂರನೆಯದು ನಮ್ಮ ದೇಶದ್ದು. ಮುಂಬಯಿಯ ಚಲಚ್ಚಿತ್ರ ವಾದ್ಯಗಾರ ಚರಣ್‌ಜೀತ್ ಸಿಂಗರು 1982ರಲ್ಲಿ ಹೊರತಂದ, ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂಡಿಸಿದ ಆಲ್ಬಂ. ಜಪಾನಿನ ರೋಲೆಂಡ್ ಸಂಸ್ಥೆಯ ಮೂರು ಯಂತ್ರಗಳು, ಭೈರವಿ, ಲಲಿತ, ತೋಡಿ, ಯಮನ್ ಮುಂತಾದ ರಾಗಗಳು, ಒಬ್ಬನೇ ವಾದಕ, ಸಾಮಗ್ರಿ ಇಷ್ಟೇ. ಆ ಯಂತ್ರಗಳಲ್ಲಿ ಒಂದನ್ನು ತಂತಿಯ ಮಂದ್ರ ಗಿಟಾರಿಗೆ ಬದಲಾಗಿ ತಯಾರಿಸಿದ್ದರು. ಒಂದು ಸ್ವರದಿಂದ ಇನ್ನೊಂದಕ್ಕೆ ಅದು ಜಾರಬಲ್ಲದು. ಜಾರು ಎಂದೊಡನೆ ನಮ್ಮ ಸಂಗೀತಗಾರನಿಗೆ ಗಮಕ ನೆನಪಾಗಬೇಕಲ್ಲವೆ? ಸಿಂಗರಿಗೆ ಆಯಿತು. ಅದೇ ಯಂತ್ರದಿಂದ ಅಮೆರಿಕೆಯ ಷಿಕಾಗೋ ನಗರದ ತರುಣರು ಹೊಸ ಬಗೆಯ ನೃತ್ಯಸಂಗೀತವನ್ನು ಹೊರಡಿಸಿದ್ದು 1987ರಲ್ಲಿ. ಐದು ವರ್ಷ ಮೊದಲೇ ಮುಂಬಯಿಯಲ್ಲಿ ಅದರಂಥ ನಾದ ಮೊಳಗಿ, ಕೇಳುವವರಿಲ್ಲದೆ ಅಡಗಿಹೋಗಿತ್ತು. 2010ರಲ್ಲಿ ಯೂರೋಪಿನವರು ಪುನಃ ಮುದ್ರಿಸಿದ ಬಳಿಕ ಲೋಕ ಬೆರಗಾಯಿತು. ಇಳಿವಯಸ್ಸಿನ ಸಿಂಗರು ವಿದೇಶದ ವೇದಿಕೆಗಳಲ್ಲಿ ಅದನ್ನು ನುಡಿಸಿ 2015ರಲ್ಲಿ ತೀರಿಕೊಂಡರು. ಆದರೂ ನನ್ನ ಅಭಿಪ್ರಾಯವನ್ನು ಮರೆಮಾಚಲಾರೆ. ಇದು ಆಶ್ಚರ್ಯಕರವಾದ ಕೃತಿ, ಪರಿಪೂರ್ಣವಾದದ್ದಲ್ಲ. ಪ್ರತಿ ರಾಗವೂ ಒಂದೇ ವೇಗದಲ್ಲಿ ಓಡಿಬರುತ್ತದೆ; ಲಲಿತಕ್ಕೆ ಬೇಕಾದ ಮುಂಜಾವಿನ ನಿಧಾನ ಯಂತ್ರಕ್ಕೆ ತಿಳಿಯದು. ಎರಡೆರಡು ರಾಗಗಳಂತೆ ಕೇಳಿದರೆ ಅಮೃತ. ಹತ್ತನ್ನೂ ಒಟ್ಟಿಗೆ ಕೇಳಿದರೆ ನರಸೀಪುರ ಬರುವ ಮೊದಲೇ ದಣಿವು.

ಕನ್ನಡದ್ದು ಯಾವುದೂ ಇಲ್ಲವೆ ಎಂದು ವಾಚಕರು ಕೇಳುವುದು ಸಹಜ. ಹಂಸಲೇಖರು ಸಾಹಿತ್ಯ ಸಂಗೀತಗಳೆರಡನ್ನೂ ರಚಿಸಿದ 1987ರ ‘ಪ್ರೇಮಲೋಕ’ದ ಕ್ಯಾಸೆಟ್ಟು ನಮ್ಮ ಬಾಲ್ಯದ ಬೀದಿಬೀದಿಯಲ್ಲಿ ಮೊಳಗುತ್ತಿತ್ತು. ಅದರಲ್ಲಿ ಕಥೆಯ ಬಹುಭಾಗ ಹಾಡಿನಲ್ಲಿಯೇ ಸಾಗುವುದರಿಂದ ಸಿನಿಮಾ ನೋಡದವರಿಗೂ ಕ್ಯಾಸೆಟ್ಟೇ ಒಂದು ನಾಟಕವಾಗಿತ್ತು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು ತಮ್ಮ ಹೆಸರಿನಲ್ಲಿಯೇ 2008ರಲ್ಲಿ ಹೊರತಂದ ಆಲ್ಬಂ ಇನ್ನೊಂದು ಮಜಲು. ಶಿಶುನಾಳದ ಷರೀಫ ಸಾಹೇಬರು (1819-1889) ಗುಡುಗುಡಿಯನ್ನು ಕುರಿತು ಹಾಡಿದ ತತ್ತ್ವಪದ ಗಿಟಾರಿನ ಸಂಗಡ ಕುಣಿದಾಗ, ಕಾಲೇಜಿನ ಹುಡುಗರು ಷರೀಫರನ್ನು ಪಠ್ಯಪುಸ್ತಕದಿಂದ ಹೊರಗೆ ಮೊದಲ ಬಾರಿಗೆ ಭೇಟಿಯಾದರು. ಸಿ. ಅಶ್ವಥ್ ಅವರ ಕಂಠ ಹಸನು ಮಾಡಿದ್ದ ನೆಲದಲ್ಲಿ ಈ ಹೊಸ ಬೆಳೆ ಬಂದಿತೆಂಬುದನ್ನೂ ಮರೆಯಬಾರದು. ಆದರೆ ಅಶ್ವಥ್ ಷರೀಫರನ್ನು ಎದುರು ನಿಂತು ಕೂಗಿ ಎಚ್ಚರಿಸುವ ಗುರುವಾಗಿ ಕಂಡರು. ದೀಕ್ಷಿತರು ಕೈಹಿಡಿದು ಕುಣಿಸುವ ಗೆಳೆಯನಾಗಿ ಕಂಡರು. ಎರಡೂ ಸತ್ಯವೇ. ಆಲ್ಬಮ್ಮಿನ ಮಟ್ಟಿಗೆ ಹೇಳುವುದಾದರೆ, ಹಿಂದಿ ಕನ್ನಡ ಇಂಗ್ಲಿಷುಗಳ ಹಾಡುಗಳು ಒಂದೆಡೆ ನೆರೆದಿರುವುದರಿಂದ ಅದು ಸೊಗಸಾದ ಜಾತ್ರೆ, ಏಕಸೂತ್ರವಾದ ಕಾವ್ಯವಲ್ಲ. ಜಾತ್ರೆಯೂ ಬೇಕಾದದ್ದೇ.

ಕಾವ್ಯದಂಥ ಕನ್ನಡ ಆಲ್ಬಂ ಯಾವುದೆಂದು ನಾನು ಬಹುಕಾಲ ಹುಡುಕಿದೆ. ಉತ್ತರ ಹೊಳೆಯಾಚೆಯೇ ಇತ್ತು. ಮಳವಳ್ಳಿ ಮಹದೇವಸ್ವಾಮಿಯವರು ಮಲೆಯ ಮಾದೇಶ್ವರನ, ಮಂಟೇಸ್ವಾಮಿಯ ಕಥೆಗಳನ್ನು ಕ್ಯಾಸೆಟ್ಟುಗಳಲ್ಲಿ ಹಾಡಿದರು. ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿದರೆ ತಿರುಗಿಸಿ ಹಾಕಿ, ಅದೂ ಮುಗಿದರೆ ಮುಂದಿನದನ್ನು ಹಾಕಿ, ನಮ್ಮ ಎರಡು ತಾಲ್ಲೂಕುಗಳ ಟೀ ಅಂಗಡಿಗಳೂ ಖಾಸಗಿ ಬಸ್ಸುಗಳೂ ಅವನ್ನು ಕೇಳಿಸುತ್ತಿದ್ದ ಕಾಲವನ್ನು ನನ್ನ ಓರಗೆಯವರೆಲ್ಲ ಬಲ್ಲರು. ಒಂದು ಶ್ರುತಿ, ಮತ್ತೆ ಮತ್ತೆ ಮರಳುವ ಒಂದು ಪಲ್ಲವಿ, ಹಿಮ್ಮೇಳದವರ ಸೊಲ್ಲು, ನಡುವೆ ಮಾತು, ಮಾತು ಬಿಸಿಯೇರಿ ಮತ್ತೆ ಹಾಡು. ಕ್ರಾಫ್ಟ್‌ವೆರ್ಕಿನವರು ಯಂತ್ರದಿಂದ ಸಾಧಿಸಿದ ಸುತ್ತುಗತಿಯನ್ನು ಇವರು ತಂಬೂರಿಯಿಂದ ಸಾಧಿಸಿದ್ದಾರೆ. ಪಿಂಕ್ ಫ್ಲಾಯ್ಡಿನವರು ಒಂದು ತಟ್ಟೆಯಲ್ಲಿ ಕಟ್ಟಿದ ಜನನಮರಣಗಳ ಸೂತ್ರವನ್ನು ಇವರು ಪವಾಡಪುರುಷರ ಕಥೆಯಲ್ಲಿ ಕಟ್ಟಿದ್ದಾರೆ. ನನ್ನ ಪಟ್ಟಿಯಲ್ಲಿ ಇವಕ್ಕೆ ಇತರರಿಗಿಂತ ಒಂದು ಕೂದಲೆಳೆಯೂ ಕೆಳಗಿನ ಸ್ಥಾನವಿಲ್ಲ. ವಿದೇಶದ್ದನ್ನು ಮೆಚ್ಚಿದವನು ಮನೆಯದನ್ನು ಮರೆಯುತ್ತಾನೆಂಬ ಭಯ ನಿರಾಧಾರವಾದದ್ದು. ನನ್ನ ಅನುಭವದಲ್ಲಿ ‘ಔಟೊಬಾನ್’ ಕೇಳಿದ ಕಿವಿಯೇ ಮಾದೇಶ್ವರನ ಕಥೆಯನ್ನು ಪುನಃ ಕೇಳುವಂತೆ ಮಾಡಿತು.

ಅಬ್ಬರದವರ ವಿಷಯಕ್ಕೆ ಬರುತ್ತೇನೆಂದಿದ್ದೆ. ಮೆರವಣಿಗೆಗಳಲ್ಲಿ ಲಾರಿಯ ತುಂಬ ಧ್ವನಿವರ್ಧಕಗಳನ್ನು ಹೇರಿ ಎದೆಗೂಡು ನಡುಗಿಸುವುದನ್ನು ನಾನು ಸಂಗೀತದ ಲೆಕ್ಕಕ್ಕೆ ಸೇರಿಸಲಾರೆ. ಚೌಡಯ್ಯನವರು ತಂತಿ ಹೆಚ್ಚಿಸಿದ್ದು ಹಿಂದಿನ ಸಾಲಿನವನು ಸೂಕ್ಷ್ಮವನ್ನು ಕೇಳಲೆಂದು, ಮುಂದಿನ ಸಾಲಿನವನು ಕಿವಿ ಮುಚ್ಚಿಕೊಳ್ಳಲೆಂದಲ್ಲ. ಆದರೆ ಅಬ್ಬರಕ್ಕಿಂತಲೂ ದೊಡ್ಡ ಕಂಟಕ ಇಂದು ತುಂಡರಿಕೆ. ಹದಿನೈದು ಕ್ಷಣಗಳ ಹಾಡು, ಬೆರಳು ತಾಕಿದರೆ ಇನ್ನೊಂದು, ಮತ್ತೆ ತಾಕಿದರೆ ಮತ್ತೊಂದು. ಷಟ್ಪದಿಯ ಆರು ಪಾದಗಳಲ್ಲಿ ಅರ್ಧ ಪಾದ ಓದಿ ಮುಂದಿನ ಪದ್ಯಕ್ಕೆ ನೆಗೆದಂತೆ ಇದು. ಬಿಡಿಹಾಡನ್ನು ನಾನು ಹಳಿಯುತ್ತಿಲ್ಲ. ನಮ್ಮ ವಚನಗಳೂ ಬಿಡಿಯಾದವುಗಳೇ. ಆದರೆ ವಚನವನ್ನು ಅದರ ಅಂಕಿತದವರೆಗೂ ಓದುತ್ತೇವಷ್ಟೆ.

ಆದುದರಿಂದ ವಾಚಕ ಮಿತ್ರರಲ್ಲಿ, ಅದರಲ್ಲಿಯೂ ಎಳೆಯರಲ್ಲಿ, ನನ್ನದು ಸಣ್ಣದೊಂದು ವಿನಂತಿ. ನನ್ನ ಪಟ್ಟಿಯನ್ನು ಒಪ್ಪಬೇಡಿ, ನಿಮ್ಮದನ್ನು ಮಾಡಿಕೊಳ್ಳಿ. ಯಾವ ನಾಡಿನದಾದರೂ ಆಗಲಿ, ಯಾವ ನುಡಿಯದಾದರೂ ಆಗಲಿ, ಒಂದು ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ, ಕರ್ತೃವು ಜೋಡಿಸಿದ ಕ್ರಮದಲ್ಲಿಯೇ ಕೇಳಿ. ಕೇಳಿದ ಮೇಲೆ ನಿಮಗೆ ಅನ್ನಿಸಿದ್ದನ್ನು ನಿಮ್ಮ ಮನೆಯ ಮಾತಿನಲ್ಲಿ ಹೇಳಿ. ಆ ಬಳಿಕ ನಿಮ್ಮ ಊರಿನಲ್ಲಿ ತಂಬೂರಿಯನ್ನೋ ಕಂಸಾಳೆಯನ್ನೋ ಹಿಡಿದ ಹಿರಿಯರು ಇನ್ನೂ ಇದ್ದರೆ, ಒಂದು ರಾತ್ರಿ ಅವರ ಮುಂದೆ ಕುಳಿತು ಕಥೆ ಮುಗಿಯುವವರೆಗೂ ಏಳದಿರಿ. ಅಭ್ಯಾಸವಾಗಿರುವ ಕಿವಿಗೆ ಅದು ಕಷ್ಟವಾಗಲಾರದು.